ಕಸಿ ಆದ್ಮೇಲೂ ಕಾಡೋ ಫ್ಯಾಟಿ ಲಿವರ್

ಮಾನ್ಯ ಸಂಪಾದಕರಿಗೆ ನಮಸ್ಕಾರ,

ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಈಗ ಎಲ್ಲಾ ಪೇಪರಲ್ಲೂ ಬರ್ತಾ ಇದೆ, ಆದ್ರೆ ನಾನು ಓದಿದ ಲೇಖನಗಳಲ್ಲಿ ಲಿವರ್ ಕಸಿ ಮಾಡಿಸ್ಕೊಂಡವರ ಸುದ್ದಿನೇ ಇಲ್ಲ. ಅವರಲ್ಲಿ ಎಷ್ಟೋ ಜನಕ್ಕೆ ಇದು ಹೊಟ್ಟೆ ಕರಗಿಸೋ ವಿಷಯ ಅಲ್ಲ, ಕಷ್ಟಪಟ್ಟು ಸಿಕ್ಕಿದ ಲಿವರ್ ಉಳಿಸ್ಕೊಳ್ಳೋ ವಿಷಯ.

ನಮ್ಮ ಭಾವ ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ. ಶುಗರ್ ಇತ್ತು, ಲಿವರಲ್ಲಿ ಕೊಬ್ಬು ತುಂಬೋ ಫ್ಯಾಟಿ ಲಿವರ್ ಹೆಚ್ಚಾಗಿ ಲಿವರೇ ಗಟ್ಟಿಯಾಗೋ ಸಿರೋಸಿಸ್ ಆಯ್ತು, ಕೊನೆಗೆ ಅಕ್ಕನೇ ತನ್ನ ಲಿವರಿನ ಭಾಗ ಕೊಟ್ಟಳು. ಆಪರೇಷನ್ ಚೆನ್ನಾಗೇ ಆಯ್ತು, ಇನ್ನು ಆ ಕಾಯಿಲೆ ಮುಗೀತು ಅಂತ ಮನೆಯವರೆಲ್ಲ ನೆಮ್ಮದಿಯಾಗಿದ್ವಿ, ಆಮೇಲೊಂದು ಫೈಬ್ರೋಸ್ಕ್ಯಾನಲ್ಲಿ (ಲಿವರಿನ ಕೊಬ್ಬು, ಗಟ್ಟಿತನ ಅಳೆಯೋ ಸ್ಕ್ಯಾನ್) ನೋಡಿದ್ರೆ ಅಕ್ಕ ಕೊಟ್ಟ ಲಿವರಲ್ಲೂ ಕೊಬ್ಬು, ಅದೂ ಎಲ್‌ಎಫ್‌ಟಿ ಅನ್ನೋ ಲಿವರ್ ರಕ್ತಪರೀಕ್ಷೆ ರಿಪೋರ್ಟ್ ಹೆಚ್ಚುಕಮ್ಮಿ ನಾರ್ಮಲ್ ಇದ್ದಾಗ. ಲಿವರ್ ಬದಲಾದ್ರೂ ಶುಗರ್, ಕೊಲೆಸ್ಟ್ರಾಲ್, ತೂಕ ಹಳೇದೇ ತಾನೇ. ಜೊತೆಗೆ ಹೊಸ ಲಿವರನ್ನ ದೇಹ ತಿರಸ್ಕರಿಸದೆ ಇರ್ಲಿ ಅಂತ ಕೊಡೋ ಟ್ಯಾಕ್ರೋಲಿಮಸ್ ಶುಗರ್ ಏರಿಸುತ್ತೆ, ಮೊದಮೊದಲು ಕೊಡೋ ಸ್ಟೀರಾಯ್ಡ್ ಹಸಿವನ್ನೂ ತೂಕನೂ ಹೆಚ್ಚಿಸುತ್ತೆ, ಅಷ್ಟು ದಿನ ಬಾಯಿ ರುಚಿ ಕೆಟ್ಟಿದ್ದವರಿಗೆ ಊಟ ಸೇರೋಕೆ ಶುರುವಾದಾಗ ಮನೆಯವರೂ ಖುಷಿಯಿಂದ ಇನ್ನೊಂದು ಮುದ್ದೆ ಬಡಿಸ್ತಾರೆ.

ಇಲ್ಲಿಗೇ ಹಾರ್ಮೋನ್ ಚಿಕಿತ್ಸೆ ಬರೋದು. ಊಟ ಆದ್ಮೇಲೆ ನಮ್ಮ ಕರುಳಲ್ಲಿ ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಬರುತ್ತೆ, ವಾರಕ್ಕೊಮ್ಮೆ ಚುಚ್ಚಿಕೊಳ್ಳೋ ಸೆಮಾಗ್ಲುಟೈಡ್ ಅದರ ಕೆಲಸವನ್ನೇ ಜಾಸ್ತಿ ಹೊತ್ತು ಮಾಡುತ್ತೆ, ಹಸಿವು ತಗ್ಗುತ್ತೆ, ಶುಗರ್ ಹಿಡಿತಕ್ಕೆ ಬರುತ್ತೆ. 2025ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 72 ವಾರ ಇದನ್ನ ತಗೊಂಡವರಲ್ಲಿ ಶೇ 62.9 ಜನಕ್ಕೆ ಲಿವರಿನ ಗಾಯದ ಕಲೆ ಹೆಚ್ಚಾಗದೆ ಉರಿಯೂತ ವಾಸಿಯಾಗಿತ್ತು, ಬರೀ ಡಮ್ಮಿ ಇಂಜೆಕ್ಷನ್ ತಗೊಂಡವರಲ್ಲಿ ಶೇ 34.3. ಥೈರಾಯ್ಡ್ ಹಾರ್ಮೋನ್ ಥರ ಲಿವರಲ್ಲೇ ಕೆಲಸ ಮಾಡೋ ರೆಸ್ಮೆಟಿರಾಮ್ ಮಾತ್ರೆಗೂ 2024ರ ಮಾರ್ಚಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಆದ್ರೆ ಇವೆಲ್ಲ ಕಸಿ ಆಗದವರ ಮೇಲೆ ನಡೆದ ಪರೀಕ್ಷೆಗಳು. ಕಸಿ ಆದವರಲ್ಲಿ ಸಣ್ಣ ಸಣ್ಣ ಗುಂಪುಗಳ ಅನುಭವ ಅಷ್ಟೇ ಇರೋದು, ಅದರಲ್ಲಿ ತೂಕ ಶುಗರ್ ಎರಡೂ ಇಳಿದಿವೆ ಅನ್ನೋದು ಭರವಸೆ ಕೊಡುತ್ತೆ.

ನನಗೆ ಭಯ ಆಗೋದು ಜನ ಇದನ್ನ ತಾವಾಗೇ ಶುರು ಮಾಡ್ತಾರಲ್ಲ ಅದಕ್ಕೆ. ಯಾರೋ ಜಿಮ್ಮಲ್ಲಿ ಹೇಳಿದ್ರು, ವಾಟ್ಸಾಪಲ್ಲಿ ಬಂತು ಅಂತ ಕಸಿ ಆದವರು ತಗೊಳ್ಳೋ ಔಷಧ ಅಲ್ಲ ಇದು. ಮೊದಲ ವಾರಗಳಲ್ಲಿ ವಾಂತಿ ಬೇಧಿ ಸಾಮಾನ್ಯ, ನುಂಗಿದ ಟ್ಯಾಕ್ರೋಲಿಮಸ್ ವಾಂತೀಲಿ ಹೋದ್ರೆ ರಕ್ತದಲ್ಲಿ ಅದರ ಲೆವೆಲ್ ಬಿದ್ದು ದೇಹ ಲಿವರನ್ನ ತಿರಸ್ಕರಿಸಬಹುದು, ನೀರಿನಂಶ ಕಡಿಮೆಯಾದ್ರೆ ಮೊದಲೇ ಔಷಧದಿಂದ ಸುಸ್ತಾಗಿರೋ ಕಿಡ್ನಿ ಇನ್ನೂ ಸೋತು ರಕ್ತದಲ್ಲಿ ಕ್ರಿಯೇಟಿನಿನ್ ಅನ್ನೋ ಕಲ್ಮಶ ಏರುತ್ತೆ. ಹೊಟ್ಟೆ ಖಾಲಿಯಾಗೋದು ನಿಧಾನ ಆಗೋದ್ರಿಂದ ಮಾತ್ರೆ ಹೀರಿಕೊಳ್ಳೋದೂ ವ್ಯತ್ಯಾಸ ಆಗಬಹುದು. ಕೊಬ್ಬಿನ ಜೊತೆ ಮಾಂಸಖಂಡನೂ ಕರಗುತ್ತೆ, ಸಿರೋಸಿಸ್‌ನಲ್ಲಿ ತೋಳು ತೊಡೆ ಬತ್ತಿ ಹೋಗಿದ್ದವರಿಗೆ ಅದು ಸಣ್ಣ ವಿಷಯ ಅಲ್ಲ. ಟ್ಯಾಕ್ರೋಲಿಮಸ್ ಬದಲು ಸೈಕ್ಲೋಸ್ಪೊರಿನ್ ತಗೊಳ್ಳೋರಿಗಂತೂ ರೆಸ್ಮೆಟಿರಾಮ್ ಕೊಡಬಾರದು ಅಂತಲೇ ಇದೆ. ಭಾವನವರಿಗೆ ಕಸಿ ತಂಡದ ಡಾಕ್ಟರೇ 0.25 ಮಿಲಿಗ್ರಾಂನಿಂದ ಶುರು ಮಾಡಿ, ಡೋಸ್ ಏರಿಸೋವಾಗೆಲ್ಲ ಟ್ಯಾಕ್ರೋಲಿಮಸ್ ಲೆವೆಲ್ ನೋಡ್ತಿದ್ದಾರೆ, ಬೇಳೆ ಮೊಟ್ಟೆ ಜಾಸ್ತಿ ಮಾಡಿ ದಿನಾ ವಾಕಿಂಗ್ ಹೇಳಿದ್ದಾರೆ.

ನಮ್ಮ ದೇಶದಲ್ಲಿ ಸೆಮಾಗ್ಲುಟೈಡ್ ಪೇಟೆಂಟ್ ಇದ್ದದ್ದು 2026ರ ಮಾರ್ಚ್‌ವರೆಗೆ ಅಷ್ಟೇ, ಆಮೇಲೆ ಬೇರೆ ಕಂಪನಿಗಳ ಕಡಿಮೆ ರೇಟಿನದ್ದೂ ಸಿಗುತ್ತೆ, ಆಗ ತಾವೇ ಚುಚ್ಚಿಕೊಳ್ಳೋರೂ ಹೆಚ್ಚಾಗ್ತಾರೆ. ಕಸಿ ಮಾಡೋ ಆಸ್ಪತ್ರೆಗಳು ಫಾಲೋಅಪ್‌ನಲ್ಲಿ ಶುಗರ್ ಡಾಕ್ಟರು, ಡಯೆಟಿಷಿಯನ್ ಇಬ್ಬರನ್ನೂ ಕೂರಿಸ್ಲಿ, ಕಸಿಗೆ ನೆರವು ಕೊಡೋ ಸರ್ಕಾರ ಕಸಿ ನಂತರದ ಫೈಬ್ರೋಸ್ಕ್ಯಾನ್‌ಗೂ ಇಂಥ ಔಷಧಕ್ಕೂ ಬಡವರಿಗೆ ಕೈ ಹಿಡೀಲಿ. ನೀವು ದಯವಿಟ್ಟು ಒಬ್ಬ ಕಸಿ ತಜ್ಞರಿಂದ ಇದರ ಬಗ್ಗೆ ಪೂರ್ತಿ ಲೇಖನ ಬರೆಸಿ ಸಾರ್, ಕನ್ನಡದಲ್ಲಿ ಹುಡುಕೋರಿಗೆ ಏನೂ ಸಿಗ್ತಿಲ್ಲ.

ಇಂತಿ,
ನಿಮ್ಮ ಓದುಗ, ಮಂಡ್ಯ