ಔತಣದ ಹಡಗು ಮತ್ತು ಶನಿವಾರದ ಬಟವಾಡೆ: ವೆನಿಸ್ ಮೇಯರ್ ಅವರಿಗೊಂದು ಬಹಿರಂಗ ಪತ್ರ

ವೆನಿಸ್ ನಗರದ ಮಾನ್ಯ ಮೇಯರ್ ಅವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಹಳೆಯ ವೆನಿಸ್ ಗಣರಾಜ್ಯದ ಹಡಗುಕಟ್ಟೆಯಾದ ಆರ್ಸೆನಾಲೆಯ ಬಹುಭಾಗ 2012ರ ನಂತರ ನಿಮ್ಮ ನಗರಾಡಳಿತದ ಒಡೆತನಕ್ಕೆ ಬಂದಿರುವುದರಿಂದ, ಅಲ್ಲಿ ಯಾರ ಕಥೆಯನ್ನು ಮೊದಲು ಹೇಳಬೇಕೆಂಬ ತೀರ್ಮಾನದಲ್ಲಿ ನಿಮ್ಮ ಮಾತಿಗೆ ತೂಕವಿದೆ. ನನ್ನ ಮನವಿ ಅಷ್ಟಕ್ಕೇ ಸಂಬಂಧಿಸಿದ್ದು.

ಆರ್ಸೆನಾಲೆಯ ಹೆಸರೆತ್ತಿದರೆ ಸಾಕು, 1574ರ ಪ್ರಸಂಗ ಬರುತ್ತದೆ: ಫ್ರಾನ್ಸಿನ ದೊರೆ ಮೂರನೆಯ ಹೆನ್ರಿ ಔತಣ ಮುಗಿಸಿ ಏಳುವಷ್ಟರಲ್ಲಿ ಹುಟ್ಟು ಹಾಕಿ ನಡೆಸುವ ಒಂದು ಗ್ಯಾಲಿ ಹಡಗು ಸಿದ್ಧವಾಗಿತ್ತಂತೆ. ಅದು ಮೊದಲೇ ಕೊಯ್ದು, ಕೆತ್ತಿ, ಅಳತೆಗೆ ತಂದಿಟ್ಟ ಭಾಗಗಳ ಜೋಡಣೆ ಎಂದು ವಿವರಿಸುವವರು ಕಡಿಮೆ. ಹಾಗೆ ಕೊಯ್ದು ಕೆತ್ತಿದವರ ಬಟವಾಡೆ ಏನಿತ್ತೆಂದು ವಿಚಾರಿಸುವವರು ಇನ್ನೂ ಕಡಿಮೆ. ಈ ವೇಗದ ಕಥೆ ನನಗೆ ಯಾವತ್ತೂ ಅರಮನೆಯ ಕಿಟಕಿಯಿಂದ ನೋಡಿದ ಕಥೆಯಾಗಿಯೇ ಕಂಡಿದೆ.

ಆರ್ಸೆನಲೊತ್ತಿ ಎಂದು ಕರೆಯಲ್ಪಡುತ್ತಿದ್ದ ಈ ಕೆಲಸಗಾರರು 16ನೇ ಶತಮಾನದಲ್ಲಿ 2,000ಕ್ಕೂ ಹೆಚ್ಚು ಮಂದಿಯಿದ್ದರು. ಖಾಸಗಿ ಹಡಗುಕಟ್ಟೆಗಳಲ್ಲಿ ದಿನಗೂಲಿ ಹೆಚ್ಚು ಸಿಗುತ್ತಿತ್ತು. ಆದರೂ ಇಲ್ಲಿ ಮೇಸ್ತ್ರಿಯಾದವನಿಗೆ ಬದುಕಿರುವ ತನಕ ಕೆಲಸದ ಹಕ್ಕಿತ್ತು, ಮೈಯಲ್ಲಿ ಕಸುವು ಕುಗ್ಗಿದ ಮುದುಕರ ಹೆಸರೂ ಕೂಲಿಪಟ್ಟಿಯಲ್ಲಿ ಉಳಿಯುತ್ತಿತ್ತು. ಶನಿವಾರ ಕೈಗೆ ಬರುವ ಹಣ ಸಾಲದ್ದಕ್ಕೆ ಅವರು ಮರದ ತುಂಡುಗಳನ್ನು ಮನೆಗೆ ಹೊತ್ತೊಯ್ಯುತ್ತಿದ್ದರು, ಅದೂ ಹಕ್ಕೆಂದೇ. ಆ ‘ತುಂಡು’ಗಳ ಗಾತ್ರ ಬೆಳೆಯುತ್ತಾ ಹೋದದ್ದು ಅಧಿಕಾರಿಗಳಿಗೆ ತಲೆನೋವಾಗಿತ್ತು ಎಂಬುದನ್ನು ಓದಿದಾಗ, ತಿಂಗಳ ಕೊನೆಯ ದಿನಗಳನ್ನು ಕಂಡ ಯಾರಿಗೂ ನಗುವಿನ ಜೊತೆ ಅನುಕಂಪವೂ ಬಾರದಿರದು. ದ್ರಾಕ್ಷಾರಸವನ್ನಂತೂ ನೀರು ಬೆರೆಸಿ ಸರ್ಕಾರವೇ ಪುಕ್ಕಟೆ ಕೊಡುತ್ತಿತ್ತು; 17ನೇ ಶತಮಾನದಲ್ಲಿ ಅದು ಕಾರಂಜಿಯಿಂದಲೇ ಹರಿಯುತ್ತಿತ್ತು.

ಸಂದಿ ಮುಚ್ಚುವ ಕಲಫಾತಿಯ ಕೆಲಸವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಹಲಗೆ ಹಲಗೆಯ ನಡುವಿನ ಬಿರುಕಿಗೆ ಸೆಣಬಿನ ನಾರನ್ನು ಹೊಸೆದಿಟ್ಟು, ಉಳಿ ಊರಿ, ಕೊಡತಿಯಿಂದ ಬಡಿಬಡಿದು ತುಂಬಿ, ಮೇಲೆ ಕುದಿಯುವ ಕೀಲೆಣ್ಣೆ ಬಳಿಯಬೇಕು. ಒಂದು ಗೇಣು ಸಡಿಲ ಬಿಟ್ಟರೂ ನೀರು ಒಳಗೆ ಬಂದಂತೆಯೇ. ಅಲೆಕ್ಸಾಂಡ್ರಿಯಾದಿಂದ ವೆನಿಸ್ಸಿಗೆ ನಮ್ಮ ಪಶ್ಚಿಮ ಕರಾವಳಿಯ ಮೆಣಸು ಒದ್ದೆಯಾಗದೆ ತಲುಪಿದ್ದು ಇಂತಹ ಕೈಗಳಿಂದ. ಹಾಯಿಪಟ ಹೊಲಿಯುತ್ತಿದ್ದವರು ಹೆಂಗಸರು. ಈ ಹಡಗುಕಟ್ಟೆಯ ಚರಿತ್ರೆಯಲ್ಲಿ ಅವರಿಗೆ ಒಂದು ಸಾಲಾದರೂ ಬೇಡವೇ?

ಇದೇ ಜನ ಗಣರಾಜ್ಯದ ಮುಖ್ಯಸ್ಥನಾಗಿ ಆಯ್ಕೆಯಾದ ಹೊಸ ದೋಜೆಯನ್ನು ಹೆಗಲ ಮೇಲೆ ಹೊತ್ತು ಸಾನ್ ಮಾರ್ಕೊ ಚೌಕ ಸುತ್ತಿಸುತ್ತಿದ್ದರು, ಮಹಾಸಭೆ ಸೇರಿದಾಗ ಕಾವಲು ನಿಲ್ಲುತ್ತಿದ್ದರು, ಊರಿಗೆ ಬೆಂಕಿ ಬಿದ್ದರೆ ಆರಿಸಲು ಓಡುತ್ತಿದ್ದರು. ಗಣರಾಜ್ಯ 1797ರಲ್ಲಿ ಮುಗಿದುಹೋಯಿತು; ಆದರೆ ಆಸ್ಟ್ರಿಯದ ಆಳ್ವಿಕೆಯ ವಿರುದ್ಧ 1848ರ ಮಾರ್ಚ್ 22ರಂದು ದಂಗೆ ಎದ್ದದ್ದು ಈ ಆವರಣದಲ್ಲೇ, ಕೆಲಸಗಾರರಿಂದಲೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹಗ್ಗ ಹೊಸೆಯಲೆಂದು ಕಟ್ಟಿದ, 300 ಮೀಟರಿಗೂ ಉದ್ದದ ಕೊರ್ದೆರಿಯೆಯಲ್ಲಿ ಇಂದು ಬಿಯೆನಾಲೆಯ ಕಲಾಪ್ರದರ್ಶನ ನಡೆಯುತ್ತದೆ; ನಡೆಯಲಿ. ಆದರೆ ಆರ್ಸೆನಾಲೆಯೊಳಗೆ ಬರುವವರಿಗೆ ಮೊದಲು ಎದುರಾಗುವುದು ಹಗ್ಗ ಹೊಸೆದವರ, ಸಂದಿ ಮುಚ್ಚಿದವರ, ಹಾಯಿಪಟ ಹೊಲಿದವರ ದಿನಚರಿಯಾಗಿರಲಿ. ದೊರೆಯ ಔತಣ ಅದರ ನಂತರ ಬರಲಿ. ಇನ್ನೊಂದು ಮಾತು: 1902ರಲ್ಲಿ ಸಾನ್ ಮಾರ್ಕೊದ ಗಂಟೆಗೋಪುರ ಕುಸಿದಾಗ ಒಡೆಯದೆ ಉಳಿದ ಮರಂಗೋನಾ ಗಂಟೆಗೆ ಆ ಹೆಸರು ಬಂದದ್ದು ಬಡಗಿಗಳಿಂದ, ಏಕೆಂದರೆ ಅವರ ಕೆಲಸದ ಹೊತ್ತನ್ನು ಸಾರುತ್ತಿದ್ದದ್ದು ಅದೇ. ಗೋಪುರದ ಕೆಳಗೆ ನಿಂತು ತಲೆಯೆತ್ತುವ ಪ್ರವಾಸಿಗೆ ಅದನ್ನು ತಿಳಿಸುವ ಒಂದು ಫಲಕ ಸಾಕು.

ತಮ್ಮ ವಿಶ್ವಾಸಿ,
ಒಬ್ಬ ಕನ್ನಡಿಗ