ಮಂಡ್ಯ ಕಡೆ ವೋಟು ಯಾಕೆ ಬರಲ್ಲ ಅಂತ ಕೇಳಿದ್ದೆಯಲ್ಲ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಮೆಸೇಜು ನೋಡಿದೆ. ತಾಲ್ಲೂಕಿನ ಬಿಜೆಪಿ ಯುವ ಮೋರ್ಚಾದಲ್ಲಿ ಜವಾಬ್ದಾರಿ ಕೊಟ್ಟಿದ್ದಾರೆ ಅಂತ ಬರೆದಿದ್ದೀಯ, ಸಂತೋಷ. ಅದರ ಹಿಂದೆಯೇ ಒಂದು ಪ್ರಶ್ನೆ ಹಾಕಿದ್ದೀಯ. ನಮ್ಮ ಕಡೆ ಜನ ದೇವರು ದಿಂಡರು ಅಂತ ಇಷ್ಟು ನಂಬುತ್ತಾರೆ, ಮೋದಿ ಅಂದರೆ ಚಪ್ಪಾಳೆ ಹೊಡೆಯುತ್ತಾರೆ, ಎಂಎಲ್‌ಎ ಎಲೆಕ್ಷನ್ ಬಂದಾಗ ಮಾತ್ರ ಬಿಜೆಪಿ ಕಡೆ ತಿರುಗಿಯೂ ನೋಡಲ್ಲ, ಏನು ಮಾಡೋದು ಅಂತ. ನಾನು ನಿಮ್ಮ ಪಕ್ಷದವನಲ್ಲ, ಅದು ನಿನಗೂ ಗೊತ್ತು. ಡೇರಿ ಸೆಕ್ರೆಟರಿ ಆಗಿದ್ದವನು, ಎಲ್ಲ ಪಕ್ಷದವರ ಹಾಲನ್ನೂ ಅಳೆದವನು. ಅದಕ್ಕೇ ಕೇಳಿದ್ದೀಯ ಅಂದುಕೊಂಡು ಮುಚ್ಚುಮರೆ ಇಲ್ಲದೆ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ನಮ್ಮ ಜನ ಬದಲಾಗಲ್ಲ ಅಂತ ನಿಮ್ಮ ಮೀಟಿಂಗುಗಳಲ್ಲಿ ಹೇಳುತ್ತಾರಲ್ಲ, ಅದು ಸುಳ್ಳು. 2018ರಲ್ಲಿ ಮಂಡ್ಯ ಜಿಲ್ಲೆಯ 7ಕ್ಕೆ 7 ಸೀಟೂ ಜೆಡಿಎಸ್‌ಗೆ ಕೊಟ್ಟರು. ಮಾರನೇ ವರ್ಷ ಅದೇ ಜನ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ ನಿಖಿಲ್ ಅವರನ್ನೇ ಸೋಲಿಸಿ, ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅವರನ್ನು ಗೆಲ್ಲಿಸಿದರು. 2023ರಲ್ಲಿ ಕಾಂಗ್ರೆಸ್‌ಗೆ 5, ಜೆಡಿಎಸ್‌ಗೆ 1, ಮೇಲುಕೋಟೆ ಮಾತ್ರ ರೈತಸಂಘದ ದರ್ಶನ್ ಪುಟ್ಟಣ್ಣಯ್ಯನವರಿಗೆ. 2024ರಲ್ಲಿ ನೋಡಿದರೆ ಕುಮಾರಸ್ವಾಮಿಯವರನ್ನು ದೆಹಲಿಗೆ ಕಳಿಸಿದರು. ಯಾರಿಗೂ ಜೀತಕ್ಕಿಲ್ಲದ ಜನ ಕಣೋ ಇವರು. ಇಷ್ಟು ಸಲ ಮಗ್ಗುಲು ಬದಲಾಯಿಸಿದರೂ ಕೆ.ಆರ್. ಪೇಟೆಯ ಒಂದು ಉಪಚುನಾವಣೆ ಬಿಟ್ಟರೆ ಎಂಎಲ್‌ಎ ಎಲೆಕ್ಷನ್‌ನಲ್ಲಿ ನಿಮ್ಮ ಕಡೆ ಹೊರಳಲಿಲ್ಲ ಅಂದರೆ ಯೋಚನೆ ಮಾಡಬೇಕಾದವರು ನೀವು. 2023ರಲ್ಲಿ ಮಂಡ್ಯ, ರಾಮನಗರ, ಕೋಲಾರ, ಚಾಮರಾಜನಗರ, ಈ ನಾಲ್ಕು ಜಿಲ್ಲೆಯ 21 ಕ್ಷೇತ್ರಗಳಲ್ಲಿ ನಿಮಗೆ ಬಂದದ್ದು ಸೊನ್ನೆ. ಈ ರಾಜ್ಯದಲ್ಲಿ ನಿಮ್ಮ ಪಕ್ಷ ಸ್ವಂತ ಬಲದಲ್ಲಿ ಬಹುಮತದ ಗೆರೆ 113 ದಾಟಿದ್ದೇ ಇಲ್ಲ, 2008ರಲ್ಲಿ 110ಕ್ಕೆ ನಿಂತಿತು. ದಾಟದೇ ಇರೋದಕ್ಕೆ ದೊಡ್ಡ ಕಾರಣ ನಮ್ಮ ಸೀಮೆಯೇ.

ಪ್ರಯತ್ನ ಮಾಡಲಿಲ್ಲ ಅಂತ ನಾನು ಹೇಳಲ್ಲ. ಜಾಸ್ತಿಯೇ ಮಾಡಿದರು. 2022ರ ನವೆಂಬರಿನಲ್ಲಿ ಏರ್‌ಪೋರ್ಟಿನ ಹತ್ತಿರ ಕೆಂಪೇಗೌಡರ 108 ಅಡಿ ಪ್ರತಿಮೆ. ಚುನಾವಣೆಗೆ ಮುಂಚೆ ಮುಸ್ಲಿಮರ 4% ಮೀಸಲಾತಿ ತೆಗೆದು ಒಕ್ಕಲಿಗರಿಗೆ 2, ಲಿಂಗಾಯತರಿಗೆ 2 ಅಂತ ಹಂಚಿದರು, ಅದು ಸುಪ್ರೀಂ ಕೋರ್ಟಿಗೆ ಹೋಗಿ ಅಲ್ಲೇ ನಿಂತಿತು. ಅದರ ಜೊತೆಗೆ ಉರಿಗೌಡ, ನಂಜೇಗೌಡ. 2023ರ ಮಾರ್ಚಿನಲ್ಲಿ ಪ್ರಧಾನಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಗೆ ಬರುವಾಗ ಮಂಡ್ಯದಲ್ಲಿ ಅವರ ಹೆಸರಿನ ದ್ವಾರ ಎದ್ದಿತು, ಟಿಪ್ಪುವನ್ನು ಕೊಂದ ಗೌಡರು ಅಂತ ಪ್ರಚಾರ ಆಯಿತು, ಮಂತ್ರಿಯೊಬ್ಬರು ಸಿನಿಮಾ ತೆಗೆಯುತ್ತೇನೆ ಅಂದರು. ಕೊನೆಗೆ ಬೇಡ ಅಂತ ನಿಲ್ಲಿಸಿದ್ದು ಯಾರು? ಕಾಂಗ್ರೆಸ್‌ನವರಲ್ಲ. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ. ನೀವು ಯಾವ ಜನಾಂಗವನ್ನು ಮೆಚ್ಚಿಸಲು ಹೊರಟಿದ್ದಿರೋ ಅದೇ ಜನಾಂಗದ ಮಠ ಕರೆದು ಸಾಕು ಅಂದಿತು. ಅಲ್ಲಿಗಾದರೂ ಅರ್ಥ ಆಗಬೇಕಿತ್ತು ಅಲ್ವಾ? ಕರಾವಳಿಯಲ್ಲಿ ಹತ್ತಿದ ಬೆಂಕಿ ಇಲ್ಲಿ ಹತ್ತಲ್ಲ. ಹತ್ತಿಸೋದು ಒಳ್ಳೇದೂ ಅಲ್ಲ. ನಮ್ಮೂರಿನ ಟೈರ್ ಪಂಕ್ಚರ್ ಅಂಗಡಿಯವನು, ರೇಷ್ಮೆಗೂಡು ಕೊಳ್ಳುವವನು, ಹೊಂಡಾ ರಿಪೇರಿಯವನು ಯಾವ ಜಾತಿ ಅಂತ ನಿನಗೆ ಗೊತ್ತು, ಅವರ ಜೊತೆ ದಿನಾ ವ್ಯವಹಾರ ಇರುವ ರೈತನಿಗೆ ಆ ಜಗಳದಿಂದ ಲಾಭ ಏನು.

ಈಗ ನನಗೆ ಗೊತ್ತಿರುವ ವಿಷಯಕ್ಕೆ ಬರುತ್ತೇನೆ, ಹಾಲು.

2022ರ ಡಿಸೆಂಬರ್ ಕೊನೆಗೆ ಅಮಿತ್ ಶಾ ಗೆಜ್ಜಲಗೆರೆಗೆ ಬಂದು ಮೆಗಾ ಡೇರಿ ಉದ್ಘಾಟನೆ ಮಾಡಿದರು. ಒಳ್ಳೆ ಕೆಲಸವೇ. ಆದರೆ ಭಾಷಣದಲ್ಲಿ ಅಮುಲ್ಲೂ ನಂದಿನಿಯೂ ಸೇರಿ ಕೆಲಸ ಮಾಡಬೇಕು ಅನ್ನೋ ಮಾತು ಬಂತು. ಏಪ್ರಿಲ್ಲಿನಲ್ಲಿ, ಎಲೆಕ್ಷನ್ ಹತ್ತಿರ ಇರುವಾಗಲೇ, ಬೆಂಗಳೂರಿನಲ್ಲಿ ಹಾಲು ಮಾರುತ್ತೇವೆ ಅಂತ ಅಮುಲ್‌ನವರು ಹೇಳಿದರು. ವಿಲೀನ ಇಲ್ಲವೇ ಇಲ್ಲ ಅಂತ ನಿಮ್ಮವರು ಟಿವಿಯಲ್ಲಿ ಎಷ್ಟು ಸಲ ಹೇಳಿದರೂ ನಮ್ಮ ಡೇರಿ ಮುಂದೆ ಅದು ಯಾರ ತಲೆಗೂ ಹೋಗಲಿಲ್ಲ. ಸಂಜೆ ಹಾಲು ಹಾಕುವ ಹೊತ್ತು ನೆನಪಿದೆಯಲ್ಲ? ಕ್ಯಾನು ಹಿಡಿದು ಸಾಲಾಗಿ ನಿಂತಿರುತ್ತಾರೆ, ಅರ್ಧಕ್ಕಿಂತ ಜಾಸ್ತಿ ಹೆಂಗಸರು, ಒಬ್ಬೊಬ್ಬರ ಹಾಲು ಟೆಸ್ಟಿಗೆ ಹಾಕಿ ಫ್ಯಾಟು ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ಚೀಟಿ ಬರುವವರೆಗೆ ಊರಿನ ರಾಜಕೀಯವೆಲ್ಲ ಅಲ್ಲೇ. ಆ ಸಾಲಿನಲ್ಲಿ ಒಬ್ಬಳು, "ಏನಣ್ಣ, ನಂದಿನೀನೂ ಮಾರ್‌ಬುಟ್ರಾ?" ಅಂತ ಕೇಳಿದಳು. ಉತ್ತರ ಕೊಡೋಕೆ ನಿಮ್ಮ ಪಕ್ಷದವನು ಅಂತ ಒಬ್ಬನೂ ಅಲ್ಲಿರಲಿಲ್ಲ. ಇಲ್ಲದವನ ಪರವಾಗಿ ಯಾರು ಮಾತಾಡುತ್ತಾರೆ? ಬಟವಾಡೆ ದಿನ ಬರುವ ಆ ದುಡ್ಡಿನಲ್ಲೇ ಮಕ್ಕಳ ಫೀಸು, ಸಂಘದ ಕಂತು, ಎಲ್ಲ ನಡೆಯೋದು. ಅದಕ್ಕೆ ಗುಜರಾತಿನವರು ಕೈ ಹಾಕುತ್ತಾರಂತೆ ಅನ್ನೋ ಅನುಮಾನ ಒಂದು ಸಲ ಹುಟ್ಟಿದರೆ ಪ್ರತಿಮೆ ತೋರಿಸಿ ಅಳಿಸೋಕಾಗಲ್ಲ.

ತಮಾಷೆ ಏನು ಗೊತ್ತಾ, ಹಾಲಿನ ವಿಷಯದಲ್ಲಿ ನಿಮ್ಮ ಪಕ್ಷಕ್ಕೆ ಒಳ್ಳೆ ಹೆಸರೇ ಇತ್ತು. ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಶುರು ಮಾಡಿದ್ದು 2008ರಲ್ಲಿ ಯಡಿಯೂರಪ್ಪನವರು. ಆಮೇಲೆ ಬಂದವರು ಏರಿಸಿದರು, ಸರಿ, ಶುರು ಮಾಡಿದ್ದು ಅವರು. ರೈತರ ಹೆಸರಿನಲ್ಲಿ ಪ್ರಮಾಣವಚನ, 2011ರಲ್ಲಿ ಪ್ರತ್ಯೇಕ ಕೃಷಿ ಬಜೆಟ್, ಹೆಣ್ಣುಮಕ್ಕಳಿಗೆ ಭಾಗ್ಯಲಕ್ಷ್ಮಿ ಬಾಂಡ್, ಶಾಲೆ ಮಕ್ಕಳಿಗೆ ಸೈಕಲ್ಲು. ಆ ಮನುಷ್ಯ ಹುಟ್ಟಿದ್ದು ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ! 2019ರ ಉಪಚುನಾವಣೆಯಲ್ಲಿ ಕೆ.ಆರ್. ಪೇಟೆ ಗೆದ್ದಿರಲ್ಲ, ಅಲ್ಲಿ ನಡೆದದ್ದು ನಮ್ಮೂರ ಮಗ ಮುಖ್ಯಮಂತ್ರಿ ಅನ್ನೋ ಮಾತು, ಉರಿಗೌಡ ಅಲ್ಲ. 2023ರಲ್ಲಿ ಆ ಮಾತು ಹೇಳೋಕೆ ಆಗಲಿಲ್ಲ, ಅವರನ್ನು ಕುರ್ಚಿಯಿಂದ ಇಳಿಸಿ ಎರಡು ವರ್ಷ ಆಗುತ್ತಾ ಬಂದಿತ್ತು. ಕೆ.ಆರ್. ಪೇಟೆಯೂ ಜೆಡಿಎಸ್‌ಗೆ ವಾಪಸ್ ಹೋಯಿತು.

ದೆಹಲಿ ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಬರೆಯದಿದ್ದರೆ ಪತ್ರ ಅರ್ಧ ಆಗುತ್ತೆ. 2019ರಲ್ಲಿ ಈ ರಾಜ್ಯ 28ರಲ್ಲಿ 25 ಸೀಟು ನಿಮಗೆ ಕೊಟ್ಟಿತು. 15ನೇ ಹಣಕಾಸು ಆಯೋಗದಲ್ಲಿ ನಮ್ಮ ತೆರಿಗೆ ಪಾಲು 4.71%ನಿಂದ 3.64%ಗೆ ಇಳಿದಾಗ ಆ 25 ಜನರಲ್ಲಿ ಎಷ್ಟು ಮಂದಿ ಬಾಯಿ ಬಿಟ್ಟರು? ಆಯೋಗವೇ ಹೇಳಿದ್ದ 5,495 ಕೋಟಿ ವಿಶೇಷ ಅನುದಾನ ಬರಲಿಲ್ಲ, ಆಗಲೂ ಸುಮ್ನೆ. 2023ರ ಬರಗಾಲಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ, ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಬಂದದ್ದು 3,400 ಕೋಟಿ ಚಿಲ್ಲರೆ. ಕಾಂಗ್ರೆಸ್‌ನವರು ಇದನ್ನು ದೊಡ್ಡದು ಮಾಡಿ ಹೇಳುತ್ತಾರೆ ಅಂತೀಯ, ಇರಬಹುದು. ನೀವು ಚಿಕ್ಕದು ಮಾಡಿಯಾದರೂ ಹೇಳಬಹುದಿತ್ತಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆಯಲ್ಲಿ ಸರದಿಯ ಮೇಲೆ ಬಿಡುವ ಕಟ್ಟು ನೀರಿಗೆ ಕಾಯುವವನಿಗೆ, ಕಾವೇರಿ ವಿಷಯದಲ್ಲಿ ತಮಿಳುನಾಡಿನ ಪಕ್ಷಗಳು ಒಂದಾಗಿ ದೆಹಲಿಯಲ್ಲಿ ಗಲಾಟೆ ಮಾಡೋದು ಕಾಣುತ್ತೆ, ನಮ್ಮವರು ಬೆಂಗಳೂರಿನಲ್ಲಿ ಒಬ್ಬರಿಗೊಬ್ಬರು ಬೈಕೊಳ್ಳೋದು ಕಾಣುತ್ತೆ. ಮೇಕೆದಾಟಿಗೆ ದೆಹಲಿಯಲ್ಲಿ ಧರಣಿ ಕೂರುವ ಒಬ್ಬ ಬಿಜೆಪಿ ಸಂಸದ ಸಿಕ್ಕರೆ ಮಂಡ್ಯದಲ್ಲಿ ನಿಮಗೆ ಬ್ಯಾನರ್ರೇ ಬೇಡ. ಹೈಕಮಾಂಡ್ ಏನಂದುಕೊಳ್ಳುತ್ತೋ ಅನ್ನೋ ಹೆದರಿಕೆ ಇರುವವರೆಗೆ ಆ ಸಂಸದ ಹುಟ್ಟಲ್ಲ.

ಇನ್ನೊಂದು. ಕಾಂಗ್ರೆಸ್ ಸರ್ಕಾರದ ಗ್ಯಾರಂಟಿ ಯೋಜನೆಗಳಿಗೆ ಬಿಟ್ಟಿ ಭಾಗ್ಯ ಅನ್ನೋ ಪದ ಬಾಯಿಂದ ತೆಗೆದುಬಿಡು, ವಾಟ್ಸಾಪ್ ಸ್ಟೇಟಸ್‌ನಿಂದಲೂ. ನಿನ್ನ ದೊಡ್ಡಮ್ಮ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಕೊಡದೆ ಮುತ್ತತ್ತಿಗೆ ಹೋಗಿ ಬಂದಳು, ಅಕೌಂಟಿಗೆ 2,000 ಬರುತ್ತೆ, ಅವಳ ಮುಂದೆ ಬಿಟ್ಟಿ ಅಂದು ನೋಡು, ಊಟ ಹಾಕ್ತಾಳಾ? 2023ರ ನಿಮ್ಮ ಪ್ರಣಾಳಿಕೆಯಲ್ಲೂ ದಿನಾ ಅರ್ಧ ಲೀಟರ್ ಹಾಲು, ಹಬ್ಬಕ್ಕೊಂದು ಅಂತ ಮೂರು ಸಿಲಿಂಡರ್ ಇತ್ತು. ಮಹಾರಾಷ್ಟ್ರದಲ್ಲಿ 2024ರಲ್ಲಿ ನಿಮ್ಮ ಮೈತ್ರಿ ಸರ್ಕಾರವೇ ಹೆಂಗಸರಿಗೆ ತಿಂಗಳಿಗೆ 1,500 ಕೊಟ್ಟು ಗೆದ್ದಿತು. ಅಲ್ಲಿ ಸಬಲೀಕರಣ, ಇಲ್ಲಿ ಬಿಟ್ಟಿಯಾ? ಯೋಜನೆಯಲ್ಲಿ ತಪ್ಪಿದ್ದರೆ ಹೇಳು, ಕಂತು ತಡವಾದರೆ ಕೇಳು, ಪಡೆದವಳನ್ನು ಹಂಗಿಸಬೇಡ.

ಜೆಡಿಎಸ್ ಜೊತೆಗಿನ ಹೊಂದಾಣಿಕೆ ಬಗ್ಗೆ ನಿನಗೆ ಬಹಳ ಹುರುಪಿದೆ. ಲೋಕಸಭೆಯಲ್ಲಿ ಕೆಲಸ ಮಾಡಿತು, ಬೆಂಗಳೂರು ಗ್ರಾಮಾಂತರದಲ್ಲಿ ಡಾಕ್ಟರ್ ಮಂಜುನಾಥ್ ಗೆದ್ದದ್ದು ಸಣ್ಣ ವಿಷಯ ಅಲ್ಲ. ಆದರೆ ಬೇರೆಯವರಿಂದ ವಾರಕ್ಕೆ, ಅಂದರೆ ಪಾಲಿಗೆ, ಮಾಡಿದ ಗದ್ದೆಯಲ್ಲಿ ಬೆಳೆ ಬರುತ್ತೆ, ಪಹಣಿಯಲ್ಲಿ ನಿನ್ನ ಹೆಸರು ಬರಲ್ಲ. ಅದೇ ವರ್ಷ ನವೆಂಬರಿನಲ್ಲಿ ಚನ್ನಪಟ್ಟಣ ಏನಾಯಿತು? ನಿಮ್ಮ ಯೋಗೇಶ್ವರ್ ಕಾಂಗ್ರೆಸ್‌ಗೆ ಹೋಗಿ ನಿಖಿಲ್ ಅವರನ್ನು ಸೋಲಿಸಿದರು. ಹೊರಗಿನಿಂದ ಲೀಡರ್ ತಂದು ಎಲೆಕ್ಷನ್‌ಗೆ ನಿಲ್ಲಿಸೋದೂ ಅಷ್ಟೇ. 2023ರಲ್ಲಿ ಸೋಮಣ್ಣನವರನ್ನು ವರುಣಾಕ್ಕೆ, ಅಶೋಕ್ ಅವರನ್ನು ಕನಕಪುರಕ್ಕೆ ಕಳಿಸಿದರು. ಕನಕಪುರದಲ್ಲಿ ಠೇವಣಿಯೂ ಉಳಿಯಲಿಲ್ಲ.

ಮತ್ತೆ, ಮಂಡ್ಯ ಅಂದರೆ ಬರೀ ಗೌಡರು ಅಂತ ಲೆಕ್ಕ ಹಾಕಬೇಡ. ಹೊಲಗೇರಿಗೆ, ಕುರುಬರ ಬೀದಿಗೆ ನಿಮ್ಮವರು ಎಲೆಕ್ಷನ್ ಹಿಂದಿನ ರಾತ್ರಿ ಬಿಟ್ಟು ಬೇರೆ ದಿನ ಹೋದದ್ದನ್ನು ನಾನು ನೋಡಿಲ್ಲ. ಊಟದ ವಿಷಯದಲ್ಲಿ ಉಪದೇಶವೂ ಬೇಡ. ಮಾರಮ್ಮನ ಹಬ್ಬಕ್ಕೆ ಮರಿ ಹೊಡೆಯುವ ಜನ ನಾವು, ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲೇ ಬಾಡೂಟ ಬೇಕು ಅಂತ ಹೋರಾಟ ಮಾಡಿದ ಊರು. (ಕೊನೆ ದಿನ ಮೊಟ್ಟೆ ಸಿಕ್ಕಿತು.)

ಜಿಲ್ಲಾ ಪಂಚಾಯ್ತಿ ಟಿಕೆಟ್ ಕೇಳಲಾ ಅಂದಿದ್ದೀಯಲ್ಲ, ಬೇಡ. ಆ ಎಲೆಕ್ಷನ್ 2016ರಲ್ಲಿ ಆದದ್ದು, 2021ರಲ್ಲಿ ನಿಮ್ಮ ಸರ್ಕಾರ ಮುಂದಕ್ಕೆ ಹಾಕಿತು, ಕಾಂಗ್ರೆಸ್‌ನವರೂ ಅದೇ ದಾರಿ ಹಿಡಿದರು. ಅದನ್ನು ನಂಬಿಕೊಂಡು ಫ್ಲೆಕ್ಸ್ ಹಾಕಿಸಬೇಡ. ನಮ್ಮ ಡೇರಿಯ ನಿರ್ದೇಶಕರ ಎಲೆಕ್ಷನ್ ಬರುತ್ತೆ, ಅದಕ್ಕೆ ನಿಲ್ಲು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ನಿಲ್ಲೋಕೆ ಮುಂಚೆ ನಿಮ್ಮ ಮನೆಯಿಂದ ಹಾಲು ಹಾಕೋಕೆ ಶುರು ಮಾಡು, ನಿಮ್ಮಪ್ಪ ಹಸು ಮಾರಿದ ಮೇಲೆ ನಿಮ್ಮ ನಂಬರೇ ಪುಸ್ತಕದಲ್ಲಿ ಖಾಲಿ ಬಿದ್ದಿದೆ. ಹಸು ನೋಡೋಕೆ ಹೋಗುವಾಗ ನನಗೆ ಫೋನ್ ಮಾಡು, ಜೊತೆಗೆ ಬರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ