ಟರ್ಮಿನಲ್ ಬಣ್ಣ ಬದಲಾಗದಿದ್ದರೆ ರೀಇನ್‌ಸ್ಟಾಲ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಆಜ್ಞೆಗಳನ್ನು ಟೈಪ್ ಮಾಡುವ ವಿಂಡೋ ಆದ ಟರ್ಮಿನಲ್‌ನ ಬಣ್ಣ, ಫಾಂಟ್ ಬದಲಿಸಿದರೂ ಪರದೆ ಹಾಗೆಯೇ ಉಳಿದರೆ ‘ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿ’ ಎನ್ನುವ ಸಲಹೆ ತಂತ್ರಜ್ಞಾನದ ಪ್ರಶ್ನೋತ್ತರಗಳಲ್ಲಿ ಪದೇ ಪದೇ ಕಾಣುತ್ತದೆ. ದಯವಿಟ್ಟು ಇದು ನಿಲ್ಲಲಿ. ಲಿನಕ್ಸ್‌ನಲ್ಲಿ ಈ ಸೆಟ್ಟಿಂಗ್‌ಗಳು ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿರುತ್ತವೆ. ಪ್ಯಾಕೇಜ್ ಅಳಿಸಿದರೂ ಅವು ಅಳಿಯುವುದಿಲ್ಲ. ಮತ್ತೆ ಹಾಕಿದ ಪ್ರೋಗ್ರಾಂ ಅವನ್ನೇ ಓದುತ್ತದೆ.

ಗ್ನೋಮ್ ಡೆಸ್ಕ್‌ಟಾಪ್‌ನ ಗ್ನೋಮ್ ಟರ್ಮಿನಲ್‌ನಲ್ಲಿ ಹೆಚ್ಚಾಗಿ ಆಗುವುದು ಇಷ್ಟೇ: ತಿದ್ದಿದ್ದು ಒಂದು ಪ್ರೊಫೈಲ್ (ಬಣ್ಣ, ಫಾಂಟ್ ಸೆಟ್ಟಿಂಗ್‌ಗಳ ಒಂದು ಗುಂಪು), ವಿಂಡೋ ತೆರೆದಿರುವುದು ಇನ್ನೊಂದರಲ್ಲಿ. ಪ್ರಿಫರೆನ್ಸಸ್‌ನ ಪಟ್ಟಿಯಲ್ಲಿ ಬೇಕಾದ ಪ್ರೊಫೈಲನ್ನು ಡೀಫಾಲ್ಟ್ ಮಾಡಿ, ಹೊಸ ವಿಂಡೋ ತೆರೆದು ನೋಡಬೇಕು. ಪ್ರೊಫೈಲ್ ಸರಿಯಿದ್ದರೂ ಬಣ್ಣ ಬಾರದಿದ್ದರೆ, ಸಿಸ್ಟಮ್ ಥೀಮ್‌ನ ಬಣ್ಣಗಳನ್ನೇ ಬಳಸು ಎಂಬ ಚೌಕದಲ್ಲಿ ಗುರುತು ಉಳಿದಿರಬಹುದು. ಅದನ್ನು ತೆಗೆಯುವವರೆಗೆ ನಾವು ಆರಿಸಿದ ಹಿನ್ನೆಲೆಗೆ ಬೆಲೆಯಿಲ್ಲ. ಫಾಂಟ್‌ಗೆ ಇದರ ತಿರುಗುಮುರುಗು: ಕಸ್ಟಮ್ ಫಾಂಟ್ ಚೌಕಕ್ಕೆ ಗುರುತು ಹಾಕಲೇಬೇಕು. ಅಕ್ಷರದ ಗಾತ್ರ ಮಾತ್ರ ಹೆಚ್ಚುಕಡಿಮೆ ಕಂಡರೆ ಕಂಟ್ರೋಲ್ ಜೊತೆ ಸೊನ್ನೆ ಒತ್ತಿ. ಜೂಮ್ ಆಗಿದ್ದರೆ ಸರಿಹೋಗುತ್ತದೆ.

ಎಕ್ಸ್‌ಟರ್ಮ್ ಎಂಬ ಹಳೆಯ ಟರ್ಮಿನಲ್‌ನ ಕಥೆ ಬೇರೆ. ಅದರ ಸೆಟ್ಟಿಂಗ್‌ಗಳಿರುವ ಎಕ್ಸ್‌ರಿಸೋರ್ಸಸ್ ಕಡತ ತಿದ್ದಿ ಉಳಿಸಿದರೆ ಸಾಲದು, ಎಕ್ಸ್‌ಆರ್‌ಡಿಬಿ ಆಜ್ಞೆಯನ್ನು ಮರ್ಜ್ ಆಯ್ಕೆಯೊಂದಿಗೆ ಕೊಟ್ಟು ಅದನ್ನು ಲೋಡ್ ಮಾಡಬೇಕು. ಆಗಲೂ ಈಗಾಗಲೇ ತೆರೆದಿರುವ ವಿಂಡೋಗಳು ಬದಲಾಗುವುದಿಲ್ಲ.

ಜನ ಹೆಚ್ಚು ಪರದಾಡುವುದು ಒಂದೇ ಟರ್ಮಿನಲ್‌ನಲ್ಲಿ ಹಲವು ಸೆಷನ್ ನಡೆಸಲು ಬಿಡುವ ಟಿಮಕ್ಸ್‌ನಲ್ಲಿ. ಅದು ತನ್ನ ಕಾನ್ಫಿಗ್ (ಸೆಟ್ಟಿಂಗ್) ಕಡತವನ್ನು, ಹಿಂದೆ ನಡೆಯುತ್ತಿರುವ ತನ್ನ ಸರ್ವರ್ ಶುರುವಾಗುವಾಗ ಮಾತ್ರ ಓದುತ್ತದೆ. ಡಿಟ್ಯಾಚ್ ಮಾಡಿ (ಸೆಷನ್‌ನಿಂದ ಹೊರಬಂದು) ಮರಳಿ ಸೇರಿಕೊಂಡರೆ ಸರ್ವರ್ ಹೊಸದಾಗುವುದಿಲ್ಲ. ಒಳಗಿನಿಂದಲೇ, ಕಡತವನ್ನು ಮತ್ತೆ ಓದಿಸುವ ಸೋರ್ಸ್‌ಫೈಲ್ ಆಜ್ಞೆ ಕೊಡಬೇಕು. ಕಡತದಿಂದ ಅಳಿಸಿದ ಸಾಲಿನ ಪರಿಣಾಮ ಅಷ್ಟರಿಂದಲೇ ಹೋಗದು. ಅದಕ್ಕೆ ಆ ಸೆಟ್ಟಿಂಗನ್ನು ಒಳಗಿನಿಂದ ರದ್ದುಮಾಡಬೇಕು, ಇಲ್ಲವೇ ಸರ್ವರನ್ನೇ ನಿಲ್ಲಿಸಬೇಕು. ಸರ್ವರ್ ನಿಲ್ಲಿಸಿದರೆ ಎಲ್ಲ ಸೆಷನ್‌ಗಳೂ ಮುಚ್ಚುತ್ತವೆ, ಆದ್ದರಿಂದ ಕೆಲಸ ಉಳಿಸಿಕೊಂಡಿರಬೇಕು. ಬಣ್ಣ ಪೇಲವವಾಗಿದ್ದರೆ ಎಷ್ಟು ಬಣ್ಣಗಳಿವೆ ಎಂದು ತಿಳಿಸುವ ಟಿಪುಟ್ ಕಲರ್ಸ್ ಆಜ್ಞೆಯನ್ನು ಟಿಮಕ್ಸ್‌ನ ಹೊರಗೊಮ್ಮೆ, ಒಳಗೊಮ್ಮೆ ಕೊಟ್ಟು ಹೋಲಿಸಿ. ಹೊರಗೆ 256, ಒಳಗೆ 8 ಬಂದರೆ ಟಿಮಕ್ಸ್‌ನ ಡೀಫಾಲ್ಟ್ ಟರ್ಮಿನಲ್ ಹೆಸರನ್ನು 256 ಬಣ್ಣದ ಹೆಸರಿಗೆ ಬದಲಿಸಿ, ಹೊಸ ಪೇನ್ (ವಿಂಡೋದ ಒಂದು ಭಾಗ) ತೆರೆಯಬೇಕು. ಟರ್ಮಿನಲ್‌ನ ಹೆಸರನ್ನು ಪ್ರೋಗ್ರಾಂಗಳಿಗೆ ತಿಳಿಸುವ ಟರ್ಮ್ ಎಂಬ ವೇರಿಯಬಲ್‌ಗೆ ಬ್ಯಾಶ್‌ಆರ್‌ಸಿಯಲ್ಲಿ (ಬ್ಯಾಶ್ ಶೆಲ್‌ನ ಸೆಟ್ಟಿಂಗ್ ಕಡತದಲ್ಲಿ) ಬಲವಂತವಾಗಿ ಮೌಲ್ಯ ಕೊಡುವುದನ್ನು ಯಾರೂ ಹೇಳಿಕೊಡಬಾರದು. ಅದು ಟಿಮಕ್ಸ್ ಒಳಗಿನ ಪ್ರೋಗ್ರಾಂಗಳಿಗೆ ಸುಳ್ಳು ಮಾಹಿತಿ ಕೊಟ್ಟಂತೆ.

ಪ್ರಾಂಪ್ಟ್‌ನ (ಆಜ್ಞೆ ಬರೆಯುವ ಸಾಲಿನ ಆರಂಭದ ಗುರುತಿನ) ಬಣ್ಣವನ್ನು ತೀರ್ಮಾನಿಸುವುದು ಶೆಲ್, ಅಂದರೆ ನಾವು ಕೊಡುವ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಂ. ಲಾಗಿನ್ ಶೆಲ್ ಆಗಿ (ಲಾಗಿನ್ ಆದಾಗ ಶುರುವಾಗುವ ಬಗೆಯಲ್ಲಿ) ಶುರುವಾದ ಬ್ಯಾಶ್ ತಾನಾಗಿ ಬ್ಯಾಶ್‌ಆರ್‌ಸಿ ಓದುವುದಿಲ್ಲ, ಬ್ಯಾಶ್ ಪ್ರೊಫೈಲ್‌ನಿಂದ ಅದನ್ನು ಕರೆಯಬೇಕು. 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನ ಹೊಸ ಖಾತೆಗಳಿಗೆ ಜೀಶೆಲ್ ಎಂಬ ಬೇರೆ ಶೆಲ್ ಡೀಫಾಲ್ಟ್ ಆಗಿದೆ. ಅಲ್ಲಿ ಬ್ಯಾಶ್‌ನ ಕಡತಗಳಲ್ಲಿ ಏನು ಬರೆದರೂ ವ್ಯರ್ಥ.

ನಿಮ್ಮ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗೆ ಉತ್ತರಿಸುವವರು ಯಾವ ಟರ್ಮಿನಲ್, ಯಾವ ಆವೃತ್ತಿ, ಯಾವ ಶೆಲ್, ನಡುವೆ ಟಿಮಕ್ಸ್ ಇದೆಯೇ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಲಿ ಎಂದು ವಿನಂತಿ.

ಇಂತಿ,
ಲಿನಕ್ಸ್ ಕಲಿಸುವ ಕೆಲವರು